ಹಾರ್ಮೋನಿಯಂ ಜೊತೆ ಡಿಜಿಟಲ್ ಪಿಯಾನೋ: ಶ್ರುತಿ ಮೊದಲು, ರೆಕಾರ್ಡಿಂಗ್ ಆಮೇಲೆ

ನಮ್ಮ ಮನೆಯಲ್ಲಿ ಅಕ್ಕ ಹಾರ್ಮೋನಿಯಂ ಹಿಡಿದು ಹಾಡುತ್ತಾಳೆ. ನಾನು ಡಿಜಿಟಲ್ ಪಿಯಾನೋ ಕಲಿಯುತ್ತಿದ್ದೇನೆ. ಒಮ್ಮೆ ಇಬ್ಬರೂ ಸೇರಿ ಒಂದು ದೇವರನಾಮ ರೆಕಾರ್ಡ್ ಮಾಡಿದೆವು. ನುಡಿಸುವಾಗ ಎಲ್ಲ ಚೆನ್ನಾಗಿಯೇ ಇತ್ತು. ಮರುದಿನ ಹೆಡ್‌ಫೋನ್ ಹಾಕಿ ಕೇಳಿದರೆ ಹಾಡಿನ ಉದ್ದಕ್ಕೂ ಏನೋ ಅಲುಗಾಟ. ಮೈಕ್ ಸರಿಯಿಲ್ಲ ಅಂದುಕೊಂಡು ಎರಡು ವಾರ ಅದರ ಹಿಂದೆಯೇ ಬಿದ್ದೆ. ತೊಂದರೆ ಇದ್ದದ್ದು ಶ್ರುತಿಯಲ್ಲಿ. ಆಗ ಕಲಿತದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಸಾಮಾನ್ಯವಾಗಿ ಡಿಜಿಟಲ್ ಪಿಯಾನೋದ ಮಧ್ಯದ ‘ಎ’ ಸ್ವರ, ಅಂದರೆ ನಮ್ಮ ಲೆಕ್ಕದ ಬಿಳಿ ಆರು (‘ಸಿ’ಯಿಂದ ಎಣಿಸಿದರೆ ಆರನೇ ಬಿಳಿ ಕೀ), 440 ಹರ್ಟ್ಸ್‌ಗೆ ಹೊಂದಿರುತ್ತದೆ (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ). ಹಳೆಯ ಹಾರ್ಮೋನಿಯಂ ಹಾಗಿರಲೇಬೇಕು ಅಂತೇನಿಲ್ಲ. ಅದರ ರೀಡುಗಳನ್ನು, ಅಂದರೆ ಗಾಳಿಗೆ ಕಂಪಿಸಿ ಸದ್ದು ಮಾಡುವ ಹಿತ್ತಾಳೆ ಪಟ್ಟಿಗಳನ್ನು, ಕೆರೆದು ಶ್ರುತಿ ಮಾಡಬೇಕು. ಅದು ಕಸುಬು ಬಲ್ಲವರ ಕೆಲಸ, ಹಾಡಿಗೊಮ್ಮೆ ಮಾಡುವಂಥದ್ದಲ್ಲ. ಹಾಗಾಗಿ ಪಿಯಾನೋವೇ ಹಾರ್ಮೋನಿಯಂ ಹತ್ತಿರ ಹೋಗಬೇಕು. ಸೆಟ್ಟಿಂಗ್ಸ್‌ನಲ್ಲಿ ‘ಟ್ಯೂನಿಂಗ್’ ಅಥವಾ ‘ಮಾಸ್ಟರ್ ಟ್ಯೂನ್’ ಅಂತ ಇರುವುದು ಇದಕ್ಕೇ. ಯಮಹಾ ಪಿ-125ರಲ್ಲಿ ಅದನ್ನು 414.8ರಿಂದ 466.8 ಹರ್ಟ್ಸ್‌ವರೆಗೆ ಚೂರು ಚೂರಾಗಿ ಸರಿಸಬಹುದು. ಟ್ರಾನ್ಸ್‌ಪೋಸ್ ಬೇರೆ. ಅದು ಒಂದೊಂದು ಮನೆಯಂತೆ ಜಿಗಿಯುತ್ತದೆ: ಬಿಳಿ ಒಂದರಿಂದ ಕಪ್ಪು ಒಂದು, ಅಲ್ಲಿಂದ ಬಿಳಿ ಎರಡು. ಮನೆಗಳ ನಡುವಿನ ಸಣ್ಣ ವ್ಯತ್ಯಾಸ ಅದರಿಂದ ಸರಿಹೋಗುವುದಿಲ್ಲ.

ಎಷ್ಟು ಸರಿಸಬೇಕು? ಫೋನಿನ ಟ್ಯೂನರ್ ಆ್ಯಪ್ ಹೇಳುತ್ತದೆ. ಆದರೆ ಒಮ್ಮೆಯಾದರೂ ಕಿವಿಯಿಂದಲೇ ಮಾಡಿ ನೋಡಿ. ಹಾರ್ಮೋನಿಯಂನಲ್ಲಿ ಒಂದೇ ರೀಡ್ ಸಾಲು ತೆರೆದು, ಬಿಳಿ ಆರನ್ನು ಒತ್ತಿ ಹಿಡಿಯಲು ಹೇಳಿ. ಪಿಯಾನೋದಲ್ಲಿ ಆರ್ಗನ್ ಧ್ವನಿ ಹಾಕಿ ಅದೇ ಸ್ವರ ಹಿಡಿಯಿರಿ. ಪಿಯಾನೋ ಧ್ವನಿ ಬೇಗ ಕರಗಿಹೋಗುತ್ತದೆ, ಆರ್ಗನ್ ನಿಲ್ಲುತ್ತದೆ. ಒಂದು 440, ಇನ್ನೊಂದು 443 ಇದ್ದರೆ ಸೆಕೆಂಡಿಗೆ 3 ಸಲ ‘ವಂವ್ ವಂವ್’ ಅಂತ ಸದ್ದು ಏರಿಳಿಯುತ್ತದೆ. ಎರಡರ ನಡುವಿನ ಅಂತರವೇ ಆ ಅಲೆಗಳ ಲೆಕ್ಕ. ಮಾಸ್ಟರ್ ಟ್ಯೂನ್ ಸರಿಸುತ್ತಾ ಹೋದಂತೆ ಅಲೆ ನಿಧಾನವಾಗುತ್ತದೆ, ಆಮೇಲೆ ನಿಂತುಬಿಡುತ್ತದೆ. ಆ ನಿಲ್ಲುವ ಗಳಿಗೆಯನ್ನು ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು. ಅಷ್ಟಕ್ಕೇ ಬಿಡಬೇಡಿ, ಹಾಡುವವರ ಸ ಮತ್ತು ಪ ಕೂಡ ನೋಡಿ. ಹಾರ್ಮೋನಿಯಂನ ಎಲ್ಲ ರೀಡುಗಳೂ ಒಂದೇ ಅಳತೆಯಲ್ಲಿ ಸರಿದಿರುವುದಿಲ್ಲ.

440ರಿಂದ 443 ಅಂದರೆ ಸುಮಾರು 12 ಸೆಂಟ್. ಒಂದು ಮನೆಗೆ 100 ಸೆಂಟ್. ಕಡಿಮೆ ಅನ್ನಿಸುತ್ತೆ ಅಲ್ವಾ? ಎಳೆದು ಹಾಡುವ ಸ್ವರದಲ್ಲಿ ಅದು ಜಾಸ್ತಿಯೇ.

ತಂಬೂರಿ ಇದ್ದರೆ ಇನ್ನೊಂದು ವಿಷಯ ಬರುತ್ತದೆ. ಪಿಯಾನೋದಲ್ಲಿ ‘ಅಂತರ ಗಾಂಧಾರ’ (ಮೇಲಿನ ಗ) ಷಡ್ಜದಿಂದ 400 ಸೆಂಟ್ ಮೇಲಿದೆ. ತಂಬೂರಿಯ ನಾದದಲ್ಲಿ ತಾನಾಗಿ ಹುಟ್ಟುವ ಗಾಂಧಾರ ಸುಮಾರು 386. ಕೆಲವು ಪಿಯಾನೋಗಳಲ್ಲಿ ಸ್ವರಗಳ ನಡುವಿನ ಅಂತರ ಹೇಗಿರಬೇಕು ಅಂತ ಆರಿಸುವ ‘ಟೆಂಪರಮೆಂಟ್’ ಸೆಟ್ಟಿಂಗ್‌ನಲ್ಲಿ ‘ಪ್ಯೂರ್ ಮೇಜರ್’ ಆರಿಸಿ, ಆಧಾರ ಸ್ವರವನ್ನು ಷಡ್ಜಕ್ಕೆ ಇಟ್ಟರೆ ಗಾಂಧಾರ ಹಿತವಾಗಿ ಕೂರುತ್ತದೆ. ಆದರೆ ಬೆಲೆ ತೆರಬೇಕು. ಆಗ ರಿ ಮತ್ತು ಧ ನಡುವಿನ ಅಂತರ ಶುದ್ಧ ಸ-ಪ ಅಂತರವಾದ 702ರ ಬದಲು ಸುಮಾರು 680 ಸೆಂಟ್ ಆಗುತ್ತದೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಕಿವಿಗೆ ಚುಚ್ಚುತ್ತದೆ. ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿಯುವ ಹಾಡಿಗೆ, ಎಲ್ಲ ಮನೆಗೂ ಸಮ ಅಂತರದ ಮಾಮೂಲಿ ‘ಈಕ್ವಲ್’ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ರೆಕಾರ್ಡಿಂಗ್. ಪಿಯಾನೋ ಒಳಗಿನ ರೆಕಾರ್ಡರ್ ಮಿಡಿ ಮಾದರಿಯದ್ದಾಗಿದ್ದರೆ ಅದರಲ್ಲಿ ಶಬ್ದವೇ ಇಲ್ಲ. ಯಾವ ಕೀ, ಯಾವಾಗ, ಎಷ್ಟು ಜೋರಾಗಿ ಅನ್ನುವ ಸೂಚನೆಗಳು ಮಾತ್ರ. ಹಾಗಾಗಿ 443ರಲ್ಲಿ ನುಡಿಸಿದ್ದನ್ನು ಬೇರೆ ಪಿಯಾನೋದಲ್ಲಿ ಹಾಕಿದರೆ ಸಾಮಾನ್ಯವಾಗಿ ಅದು 440ರಲ್ಲೇ ಕೇಳಿಸುತ್ತದೆ. ಆಡಿಯೋ ಫೈಲ್‌ನಲ್ಲಿ ಹೀಗಾಗುವುದಿಲ್ಲ. ಅಲ್ಲಿ ಶ್ರುತಿ ಶಬ್ದದ ಜೊತೆಗೇ ಉಳಿಯುತ್ತದೆ, ತಪ್ಪಿದ್ದರೆ ತಪ್ಪೂ ಉಳಿಯುತ್ತದೆ.

ಆಡಿಯೋಗೆ 44.1 ಕಿಲೋಹರ್ಟ್ಸ್, 16 ಬಿಟ್ ವೇವ್ ಫೈಲ್ ಇಟ್ಟುಕೊಳ್ಳಿ. ಸ್ಟೀರಿಯೋದಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ. ಎಂಪಿ3 ಕಳಿಸುವುದಕ್ಕೆ ಮಾತ್ರ. ಫೋನನ್ನು ಸುಮ್ನೆ ಸ್ಪೀಕರ್ ಮುಂದೆ ಇಡಬೇಡಿ. ಮಾತಿಗೆಂದು ಮಾಡಿದ ರೆಕಾರ್ಡರ್ ಮೆಲ್ಲನೆಯದನ್ನು ಎತ್ತಿ, ಜೋರಾದದ್ದನ್ನು ತಗ್ಗಿಸುತ್ತದೆ. ಕರಗುತ್ತಿರುವ ಸ್ವರವನ್ನು ಗದ್ದಲ ಅಂದುಕೊಂಡು ಅಳಿಸಿಯೂ ಬಿಡಬಹುದು. ಕೀಗಳ ಟಪಟಪ ಬೇರೆ ಸೇರುತ್ತದೆ. ಪಿಯಾನೋದಿಂದ ನೇರ ಕೇಬಲ್ ಅಥವಾ ಯುಎಸ್‌ಬಿ ಹಾಕಿ. ಅಕ್ಕನ ದನಿಗೂ ಹಾರ್ಮೋನಿಯಂಗೂ ಮೈಕ್ ಇರಲಿ, ನೀವು ಹೆಡ್‌ಫೋನ್‌ನಲ್ಲಿ ಕೇಳಿ. ಹಾಡಿನ ಅತಿ ಜೋರಾದ ಜಾಗ ನುಡಿಸಿ ನೋಡಿದಾಗ ಮೀಟರ್ −6 ಡೆಸಿಬಲ್ ಹತ್ತಿರ ನಿಂತರೆ ಸಾಕು. ಮೀಟರಿನ ಮಿತಿಯಾದ ಸೊನ್ನೆ ದಾಟಿ ಒಡೆದ ಶಬ್ದವನ್ನು ಮೊದಲಿನಂತೆ ಮಾಡುವುದು ಬಲು ಕಷ್ಟ. ರಿವರ್ಬ್ (ಕೋಣೆಯ ಅನುರಣನದಂಥ ಪರಿಣಾಮ) ತೆಗೆದಿಡಿ, ಆಮೇಲೆ ಸೇರಿಸಬಹುದು.

ಈಗ ನಾನು ಹಾಡಿಗೆ ಮುಂಚೆ ಇಬ್ಬರದೂ ಸ-ಪ-ಸ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ಕೇಳುತ್ತೇನೆ. ಫೈಲಿನ ಹೆಸರಿನಲ್ಲೇ ‘443, ಕಪ್ಪು ಒಂದು’ ಅಂತ ಬರೆಯುತ್ತೇನೆ. ಕೆಲವು ಪಿಯಾನೋಗಳು ಆಫ್ ಮಾಡಿದೊಡನೆ 440ಕ್ಕೆ ಮರಳುತ್ತವೆ. ಮರುವಾರ ಉಳಿದ ಚರಣ ನುಡಿಸಲು ಕೂತಾಗ ಆ ಹೆಸರು ನೋಡಿಯೇ ಟ್ಯೂನಿಂಗ್ ಮತ್ತೆ ಹಾಕುತ್ತೇನೆ.