ಒಂದು ಕುದುರೆಯ ಸಮಯ ತಿದ್ದಲು 39 ವರ್ಷ ಬೇಕಾಯಿತು

2012ರ ಜೂನ್ 19ರಂದು ಅಮೆರಿಕದ ಮೇರಿಲ್ಯಾಂಡ್ ರೇಸಿಂಗ್ ಆಯೋಗದಲ್ಲಿ ಒಂದು ಮತದಾನ ನಡೆಯಿತು. ಏಳಕ್ಕೆ ಏಳೂ ಮತ ಒಂದೇ ಕಡೆ ಬಿತ್ತು. ಸೆಕ್ರೆಟೇರಿಯಟ್ ಎಂಬ ಕುದುರೆ 1973ರಲ್ಲಿ ಗೆದ್ದ ಪ್ರೀಕ್‌ನೆಸ್ ರೇಸಿನ ಸಮಯವನ್ನು 1 ನಿಮಿಷ 53 ಸೆಕೆಂಡ್ ಎಂದು ತಿದ್ದಿದರು. ಕುದುರೆ ಸತ್ತು ಆಗಲೇ 22 ವರ್ಷ ಕಳೆದಿತ್ತು.

ನಮ್ಮ ಮಂಗಳೂರಿನಲ್ಲಿ ಕುದುರೆ ರೇಸ್ ಇಲ್ಲ. ಆದರೆ ಕಂಬಳ ಇದೆಯಲ್ವಾ? ಗಂತಿನಿಂದ (ಓಟ ಶುರುವಾಗುವ ಜಾಗ) ಮಂಜೊಟ್ಟಿಗೆ (ಓಟ ಮುಗಿಯುವ ಜಾಗ) ಕೋಣಗಳು ಎಷ್ಟು ಸೆಕೆಂಡಿಗೆ ಬಂದವು ಎಂದು ನಿದ್ದೆಗೆಟ್ಟು ಕಾಯುವವರು ನಾವು. ಅದಕ್ಕೇ ಈ ಕುದುರೆಯ ಕಥೆ ನಮಗೂ ಬೇಕು ಅನಿಸುತ್ತದೆ.

ಸೆಕ್ರೆಟೇರಿಯಟ್ ಹುಟ್ಟಿದ್ದು 1970ರ ಮಾರ್ಚ್ 30ರಂದು, ವರ್ಜೀನಿಯಾದ ಒಂದು ಫಾರ್ಮಿನಲ್ಲಿ. ಕೆಂಚು ಬಣ್ಣದ, ಭರ್ಜರಿ ಮೈಕಟ್ಟಿನ ಗಂಡು. ಎರಡೇ ವರ್ಷದವನಿದ್ದಾಗ ಅಮೆರಿಕದ 'ವರ್ಷದ ಕುದುರೆ' ಎನಿಸಿಕೊಂಡ. 1973ರ ಶುರುವಿನಲ್ಲಿ ಯಜಮಾನ ತೀರಿಕೊಂಡರು. ಮಗಳು ಪೆನ್ನಿ ಚೆನೆರಿ ಆಗ ಕುದುರೆಯನ್ನು 32 ಪಾಲು ಮಾಡಿ, ಒಟ್ಟು 60.8 ಲಕ್ಷ ಡಾಲರಿಗೆ ಸಿಂಡಿಕೇಟ್ ಮಾಡಿದರು, ಅಂದರೆ ಪಾಲುಗಳನ್ನು ಹಲವರಿಗೆ ಮಾರಿದರು. ಆಗಿನ ಕಾಲಕ್ಕೆ ಅದು ದಾಖಲೆ ಮೊತ್ತ. ಆದರೆ ಏಪ್ರಿಲ್‌ನ ವುಡ್ ಮೆಮೋರಿಯಲ್ ರೇಸಿನಲ್ಲಿ ಅವನು ಮೂರನೆಯವನಾಗಿ ಬಂದ. ತುಟಿಯ ಒಳಗೆ ಕೀವು ತುಂಬಿದ ಕುರು ಎದ್ದಿತ್ತು. ಕಡಿವಾಣ ತಾಗಿದರೆ ನೋವು. ಪಾಪ, ಬಾಯಿ ಬಿಟ್ಟು ಹೇಳಲಾಗದ ಪ್ರಾಣಿ.

ಎರಡೇ ವಾರದಲ್ಲಿ, ಮೇ 5ರಂದು, ಕೆಂಟಕಿ ಡರ್ಬಿ. ಸುಮಾರು ಎರಡು ಕಿಲೋಮೀಟರ್ ಓಟ. ಸಾಮಾನ್ಯವಾಗಿ ಕೊನೆಗೆ ಕುದುರೆಗೆ ದಣಿವಾಗುತ್ತದೆ, ವೇಗ ಇಳಿಯುತ್ತದೆ. ಇವನು ಪ್ರತಿ ಕಾಲು ಮೈಲನ್ನೂ ಹಿಂದಿನದಕ್ಕಿಂತ ಜೋರಾಗಿ ಓಡಿದ. ಡರ್ಬಿಯನ್ನು ಎರಡು ನಿಮಿಷದೊಳಗೆ ಮುಗಿಸಿದ ಮೊದಲ ಕುದುರೆ ಇವನೇ.

ಮೇ 19ಕ್ಕೆ ಬಾಲ್ಟಿಮೋರಿನ ಪಿಮ್ಲಿಕೋ ರೇಸ್ ಮೈದಾನದಲ್ಲಿ ಪ್ರೀಕ್‌ನೆಸ್. ಓಡಿದ್ದು ಆರೇ ಕುದುರೆ. ಬಾಗಿಲು ತೆರೆದಾಗ ಸೆಕ್ರೆಟೇರಿಯಟ್ ಎಲ್ಲರಿಗಿಂತ ಹಿಂದೆ. ಮೊದಲ ತಿರುವಿನಲ್ಲಿ ಯಾರೂ ಜೋರು ಮಾಡುವುದಿಲ್ಲ, ಉಸಿರು ಉಳಿಸಿಕೊಳ್ಳುತ್ತಾರೆ. ಇವನು ಅಲ್ಲೇ ಹೊರಗಿನಿಂದ ನುಗ್ಗಿದ. ಒಂದೊಂದೇ ಕುದುರೆಯನ್ನು ದಾಟುತ್ತಾ ಹೋಗಿ ತಿರುವು ಕಳೆಯುವಷ್ಟರಲ್ಲಿ ಮುಂದಿದ್ದ. ಜಾಕಿ ರಾನ್ ಟರ್ಕಾಟ್ ಬೆನ್ನ ಮೇಲೆ ಸುಮ್ನೆ ಕೂತಂತೆ ಕಾಣುತ್ತದೆ. ಆ ತಿರುವಿನ ವಿಡಿಯೊ ಈಗಲೂ ಸಿಗುತ್ತದೆ, ಖಂಡಿತ ನೋಡಿ.

ಬೋರ್ಡಿನಲ್ಲಿ ಬಂದ ಸಮಯ ಮಾತ್ರ 1 ನಿಮಿಷ 55 ಸೆಕೆಂಡ್. ಯಂತ್ರ ಕೈಕೊಟ್ಟಿತ್ತು. ಪಿಮ್ಲಿಕೋದವರದೇ ಸ್ಟಾಪ್‌ವಾಚ್ ಹಿಡಿದ ಕ್ಲಾಕರ್ 1:54.4 ಎಂದರು. 'ಡೈಲಿ ರೇಸಿಂಗ್ ಫಾರ್ಮ್' ಪತ್ರಿಕೆಯ ಇಬ್ಬರು ಕ್ಲಾಕರ್‌ಗಳು ಬೇರೆ ಬೇರೆಯಾಗಿ ಹಿಡಿದ ಸಮಯ 1:53.4. ರೇಸಿನ ಲೆಕ್ಕದಲ್ಲಿ ಸೆಕೆಂಡಿನ ಐದನೇ ಒಂದು ಭಾಗ ಎಂದರೆ ಸುಮಾರು ಒಂದು ಕುದುರೆಯ ಉದ್ದ. ಹಾಗಾಗಿ ಒಂದು ಸೆಕೆಂಡ್ ವ್ಯತ್ಯಾಸ ಎಂದರೆ ಐದು ಕುದುರೆ ಉದ್ದ. ಸಣ್ಣದೇನಲ್ಲ.

ಆಗಿನ ದಾಖಲೆ 1971ರಲ್ಲಿ ಕ್ಯಾನೊನೆರೋ ಎಂಬ ಕುದುರೆ ಮಾಡಿದ್ದ 1:54. ಸಿಬಿಎಸ್ ಟಿವಿಯವರು ಎರಡೂ ರೇಸಿನ ಟೇಪುಗಳನ್ನು ಒಟ್ಟಿಗೆ ಓಡಿಸಿ ತೋರಿಸಿದರು. ಗೆರೆ ಮೊದಲು ಮುಟ್ಟಿದ್ದು ಸೆಕ್ರೆಟೇರಿಯಟ್. ಆದರೂ ದಾಖಲೆ ಪುಸ್ತಕದಲ್ಲಿ 1:54.4 ಎಂದೇ ಉಳಿಯಿತು. ಕಣ್ಣೆದುರು ಕಂಡದ್ದನ್ನು ಕಾಗದ ಒಪ್ಪಲಿಲ್ಲ. ಇದು ಅನ್ಯಾಯವೇ. ಪತ್ರಿಕೆ ಮಾತ್ರ ತನ್ನ ಕ್ಲಾಕರ್‌ಗಳ ಸಮಯವನ್ನು ಬಿಟ್ಟುಕೊಡಲಿಲ್ಲ.

ಜೂನ್ 9ರ ಬೆಲ್ಮಾಂಟ್ ರೇಸಿನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. 31 ಕುದುರೆ ಉದ್ದದ ಅಂತರ, 2 ನಿಮಿಷ 24 ಸೆಕೆಂಡ್. ಡರ್ಬಿ, ಪ್ರೀಕ್‌ನೆಸ್, ಬೆಲ್ಮಾಂಟ್ ಮೂರನ್ನೂ ಒಂದೇ ವರ್ಷ ಗೆದ್ದರೆ ಸಿಗುವ ಟ್ರಿಪಲ್ ಕ್ರೌನ್ 25 ವರ್ಷಗಳ ನಂತರ ಒಂದು ಕುದುರೆಗೆ ಸಿಕ್ಕಿತ್ತು. ಒಟ್ಟು 21 ಓಟ, 16 ಗೆಲುವು. ಅದೇ ವರ್ಷ ಓಟ ನಿಂತಿತು. 1989ರ ಅಕ್ಟೋಬರ್ 4ರಂದು, ಗೊರಸಿನ ರೋಗ ವಾಸಿಯಾಗದೆ, ನೋವು ತಪ್ಪಿಸಲು ದಯಾಮರಣ ಕೊಟ್ಟರು.

ಪೆನ್ನಿ ಚೆನೆರಿ ಸುಮ್ಮನಾಗಲಿಲ್ಲ. 2012ರಲ್ಲಿ, 90ರ ವಯಸ್ಸಿನಲ್ಲಿ, ಹಳೇ ಟೇಪುಗಳನ್ನು ಹೊಸ ತಂತ್ರಜ್ಞಾನದಲ್ಲಿ ಅಳೆಸಿ ಆಯೋಗದ ಮುಂದೆ ಇಡಿಸಿದರು. ಮೂರೂ ರೇಸುಗಳ ದಾಖಲೆ ಒಂದೇ ಕುದುರೆಯ ಹೆಸರಿಗೆ ಬಂತು. 2020ರಲ್ಲಿ ಸ್ವಿಸ್ ಸ್ಕೈಡೈವರ್ ಎಂಬ ಹೆಣ್ಣು ಕುದುರೆ ಪ್ರೀಕ್‌ನೆಸ್ಸನ್ನು 1:53.28ಕ್ಕೆ ಮುಗಿಸಿತು. ತಿದ್ದುಪಡಿ ಆಗದಿದ್ದರೆ ದಾಖಲೆ ಅದರದ್ದಾಗುತ್ತಿತ್ತು.

ಅದೇ 2020ರ ಫೆಬ್ರವರಿಯಲ್ಲಿ ನಮ್ಮ ಐಕಳ ಕಂಬಳದ ಸಮಯ ದೇಶವಿಡೀ ಸುದ್ದಿಯಾಯಿತು. ಅಶ್ವತ್ಥಪುರದ ಶ್ರೀನಿವಾಸ ಗೌಡ 142.5 ಮೀಟರ್ ಕರೆಯನ್ನು (ಕೋಣಗಳು ಓಡುವ ಕೆಸರಿನ ಹಾದಿ) ಕೋಣಗಳೊಂದಿಗೆ 13.62 ಸೆಕೆಂಡಿನಲ್ಲಿ ಓಡಿದ್ದರು. ಅದನ್ನು 100 ಮೀಟರಿಗೆ ಇಳಿಸಿ, ಉಸೇನ್ ಬೋಲ್ಟ್‌ನ 9.58ರ ಪಕ್ಕ ಇಟ್ಟರು. ಈ ಹೋಲಿಕೆ ಸರಿಯಲ್ಲ. ಕೆಸರಿನಲ್ಲಿ ಕೋಣಗಳ ಎಳೆತಕ್ಕೆ ಮೈಕೊಟ್ಟು ಓಡುವುದೇ ಬೇರೆ, ಒಂಟಿಯಾಗಿ ಓಡುವುದೇ ಬೇರೆ. ಎರಡಕ್ಕೂ ಅದರದ್ದೇ ಬೆಲೆ ಇದೆ.

ಎಲ್ಲ ಕರೆಗಳ ಉದ್ದ ಒಂದೇ ಅಲ್ಲ. ಐಕಳದ ಸಮಯವನ್ನು ಇನ್ನೊಂದು ಕರೆಯ ಸಮಯದ ಜೊತೆ ನೇರವಾಗಿ ಹೋಲಿಸಲು ಬರುವುದಿಲ್ಲ. ಹಾಗಾಗಿ ಪ್ರತಿ ಕಂಬಳದಲ್ಲೂ ಕರೆಯ ಅಳತೆ, ಗಡಿಯಾರ ಎಲ್ಲಿಂದ ಶುರುವಾಯಿತು, ಫೈನಲಿನ ಪೂರ್ತಿ ವಿಡಿಯೊ, ಇಷ್ಟನ್ನಾದರೂ ಕಾದಿಡಬೇಕು. ಜೊತೆಗೆ ಕೋಣಗಳ ಹೆಸರು ಬೇಕೇ ಬೇಕು. 2020ರ ಆ ಗದ್ದಲದಲ್ಲಿ ಓಡಿಸಿದವರ ಹೆಸರು ಎಲ್ಲರ ಬಾಯಲ್ಲಿತ್ತು. ಎಳೆದ ಕೋಣಗಳ ಹೆಸರು ಕೇಳಿದವರು ತೀರಾ ಕಡಿಮೆ.