ಅಪವರ್ತನವೇ ಸಿಕ್ಕಿಲ್ಲ, ಸಂಯುಕ್ತ ಅಂತ ಹೇಗೆ ಗೊತ್ತು?

ಪ್ರಶ್ನೆ: 20ನೇ ಫರ್ಮಾ ಸಂಖ್ಯೆ ಸಂಯುಕ್ತ ಅಂತ ಬರೆದಿದ್ದೀರಿ. ಅದರ ಒಂದು ಅಪವರ್ತನವೂ ಯಾರಿಗೂ ಸಿಕ್ಕಿಲ್ಲ ಅಂತಲೂ ಬರೆದಿದ್ದೀರಿ. ಎರಡರಲ್ಲಿ ಒಂದು ಸುಳ್ಳಲ್ಲವೇ ಮೇಷ್ಟ್ರೇ? (ವಿಜಯನಗರದ ಓದುಗರೊಬ್ಬರು)

ಎರಡೂ ನಿಜ. ಇದನ್ನು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಬನಶಂಕರಿಯವರಿಗೆ ಉತ್ತರ ಕೊಟ್ಟು ಮುಗಿಸುವಷ್ಟರಲ್ಲಿ ಯಲಹಂಕದವರು ಕೇಳಿರುತ್ತಾರೆ. ಎಲ್ಲರ ತಲೆಯಲ್ಲೂ ಕೂತಿರುವುದು ಒಂದೇ: ಭಾಗಿಸಿ ನೋಡದೆ ಸಂಯುಕ್ತ ಎನ್ನುವಂತಿಲ್ಲ. 2, 3, 5, 7ರಿಂದ ಭಾಗಿಸುತ್ತಾ ಹೋಗಿ ಎಂದು ಕ್ಲಾಸಿನಲ್ಲಿ ಕಲಿಸಿದವರು ನಾವೇ, ಒಪ್ಪಿದೆ. ಅದೊಂದೇ ದಾರಿ ಎಂದು ಯಾವಾಗ ಹೇಳಿದೆವು?

91 ತೆಗೆದುಕೊಳ್ಳಿ. 13ರ ಮಗ್ಗಿ ಬಾಯಿಗೆ ಬರದವರು ಇದನ್ನು ಅವಿಭಾಜ್ಯ ಅಂದುಬಿಡುತ್ತಾರೆ. ಮಗ್ಗಿ ಬದಿಗಿಡಿ. ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲೇ ಹೇಳಿದ್ದ ನಿಯಮವೊಂದಿದೆ: ಬೆಸ ಸಂಖ್ಯೆಯೊಂದು ಅವಿಭಾಜ್ಯವಾಗಿದ್ದರೆ, ಅದಕ್ಕಿಂತ ಒಂದು ಕಡಿಮೆ ಘಾತಕ್ಕೆ 2ನ್ನು ಏರಿಸಿ ಅದೇ ಸಂಖ್ಯೆಯಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. ಇಲ್ಲಿ 2ರ 90ನೇ ಘಾತ ಬೇಕು. 2ರ 12ನೇ ಘಾತ 4096; 91 × 45 = 4095, ಶೇಷ 1. ಹಾಗಾಗಿ 24ಕ್ಕೂ 1, 36ಕ್ಕೂ 1, 84ಕ್ಕೂ 1. ಉಳಿದ 6ನೇ ಘಾತ 64. ಅಂದರೆ 1 ಬರಬೇಕಿದ್ದ ಜಾಗದಲ್ಲಿ 64 ಬಂತು. 91 ಅವಿಭಾಜ್ಯ ಅಲ್ಲ. 7ನ್ನಾಗಲೀ 13ನ್ನಾಗಲೀ ಎಲ್ಲಾದರೂ ಮುಟ್ಟಿದೆವಾ?

“ಅಂದರೆ ಬಹುಶಃ ಸಂಯುಕ್ತ ಅಂತ ತಾನೇ?” ಇದು ಮುಂದಿನ ಬಾಣ. ಬಹುಶಃ ಅಲ್ಲ ಸ್ವಾಮಿ, ಖಂಡಿತ! ಬರಲೇಬೇಕಾದ್ದು ಬರಲಿಲ್ಲ ಅಂದಮೇಲೆ ಅಂದಾಜಿನ ಮಾತೆಲ್ಲಿ?

20ನೇ ಫರ್ಮಾ ಸಂಖ್ಯೆಯದೂ ಇದೇ ಕಥೆ, ಗಾತ್ರ ಮಾತ್ರ ಬೇರೆ. 2ರ 10,48,576ನೇ ಘಾತಕ್ಕೆ 1 ಕೂಡಿಸಿದರೆ ಬರುವುದು ಅದು, 3,15,653 ಅಂಕಿ. ಫರ್ಮಾ ಸಂಖ್ಯೆಗಳಿಗೆಂದೇ ಇರುವ ಪರೀಕ್ಷೆ ಹೀಗಿದೆ: 3ನ್ನು ವರ್ಗ ಮಾಡಿ, ಆ ಸಂಖ್ಯೆಯಿಂದ ಭಾಗಿಸಿ, ಶೇಷವನ್ನು ಮತ್ತೆ ವರ್ಗ ಮಾಡಿ. ಹೀಗೆ 10,48,575 ಸಲ. ಅವಿಭಾಜ್ಯವಾಗಿದ್ದರೆ ಕೊನೆಯ ಶೇಷ ಆ ಸಂಖ್ಯೆಗಿಂತ ಸರಿಯಾಗಿ ಒಂದು ಕಡಿಮೆ ಇರಬೇಕು. 1980ರ ದಶಕದ ಕೊನೆಯಲ್ಲಿ ಸೂಪರ್‌ಕಂಪ್ಯೂಟರಿಗೆ ಈ ಲೆಕ್ಕ ಹಾಕಿದರು, ಹಾಗೆ ಬರಲಿಲ್ಲ. ಅಪವರ್ತನ ಈವರೆಗೂ ಸಿಕ್ಕಿಲ್ಲ.

ಹಳೆಯ ಸಾಕ್ಷಿ ಬೇಕಾದರೆ 2ರ 67ನೇ ಘಾತದಿಂದ 1 ಕಳೆದು ನೋಡಿ: 147573952589676412927. ಇದು ಅವಿಭಾಜ್ಯವಲ್ಲ ಎಂದು ಫ್ರಾನ್ಸಿನ ಲೂಕಾ 1876ರಲ್ಲಿ ತೋರಿಸಿದಾಗ ಅವರ ಕೈಯಲ್ಲಿ ಅಪವರ್ತನ ಇರಲಿಲ್ಲ. 193707721 × 761838257287 ಎಂದು ಅಮೆರಿಕದ ಕೋಲ್ ಬರೆದು ತೋರಿಸಿದ್ದು 1903ರಲ್ಲಿ. ನಡುವಿನ 27 ವರ್ಷ ಅದು ಸಂಯುಕ್ತವಾಗಿರಲಿಲ್ಲವೇ?

ನಮ್ಮೂರಿನಲ್ಲಿ ಈ ಮಾತು ಬಂದರೆ ಯಾರಾದರೊಬ್ಬರು ಶಕುಂತಲಾ ದೇವಿಯವರನ್ನು ಎಳೆದು ತರುತ್ತಾರೆ. ಬೆಂಗಳೂರಿನಲ್ಲಿ ಹುಟ್ಟಿದ ಅವರು 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು, ನಿಜ. ಅದು ಗುಣಾಕಾರ. ಗುಣಲಬ್ಧ ಕೊಟ್ಟು ಹಿಂದಕ್ಕೆ ಹೋಗಿ ಅನ್ನುವುದು ಬೇರೆಯೇ ಲೆಕ್ಕ. ಆನ್‌ಲೈನ್ ವ್ಯವಹಾರ ಕಾಯುವ ಆರ್‌ಎಸ್‌ಎ ಬೀಗ ನಿಂತಿರುವುದೇ ಈ ವ್ಯತ್ಯಾಸದ ಮೇಲೆ.

ಯಾರೂ ಕೇಳದ, ಆದರೆ ಕೇಳಬೇಕಿದ್ದ ಪ್ರಶ್ನೆ: ಶೇಷ 1 ಬಂದುಬಿಟ್ಟರೆ ಅವಿಭಾಜ್ಯವೇ? ಅಲ್ಲ! ಅದೇ 91ಕ್ಕೆ 2ರ ಬದಲು 3 ಹಾಕಿ. 3ರ 6ನೇ ಘಾತ 729; 91 × 8 = 728, ಶೇಷ 1. 90 ಆರರ ಗುಣಕ, ಆದ್ದರಿಂದ 90ನೇ ಘಾತಕ್ಕೂ 1. ಪರೀಕ್ಷೆ ಪಾಸಾಯಿತು, ಸಂಖ್ಯೆ ಮಾತ್ರ ಸಂಯುಕ್ತವೇ. 91ನ್ನು 2 ಹಿಡಿದುಕೊಡುತ್ತದೆ, 1729 ಇನ್ನೂ ಕಿಲಾಡಿ. ರಾಮಾನುಜನ್ ಹೆಸರಿನ ಜೊತೆ ಬರುವ ಅದೇ 1729, ಅಂದರೆ 7 × 13 × 19. ಅದರೊಂದಿಗೆ ಸಾಮಾನ್ಯ ಅಪವರ್ತನವಿಲ್ಲದ ಯಾವ ಸಂಖ್ಯೆ ಹಾಕಿದರೂ ಶೇಷ 1. ಇಂಥ ಕಳ್ಳರಿಗೂ ಮೋಸಹೋಗದ, ಯಾವ ಸಂಖ್ಯೆಗಾದರೂ ಸಲ್ಲುವ ವೇಗದ ಪರೀಕ್ಷೆಯನ್ನು 2002ರಲ್ಲಿ ಕಾನ್ಪುರದ ಐಐಟಿಯ ಅಗ್ರವಾಲ್, ಕಯಾಲ್, ಸಕ್ಸೇನಾ ಕೊಟ್ಟರು. ಅಪವರ್ತನ ಹುಡುಕಿಕೊಡುವ ಹಂಗು ಅದಕ್ಕೂ ಇಲ್ಲ.