ಕಪ್ಪತಗುಡ್ಡಕ್ಕೆ ಬಂಗಾರ ಹೊತ್ತು ತಂದ ನೀರು

ಡೋಣಿ ಕಡೆಯಿಂದ ಕಪ್ಪತಗುಡ್ಡ ಹತ್ತುವಾಗ ಕಾಲಿಗೆ ಎಡವುವ ಕಲ್ಲೊಂದನ್ನು ಎತ್ತಿ ನೋಡಿ. ಮಂಕು ಹಸಿರು ಬಣ್ಣ. ಬೆರಳಿನಿಂದ ಉಜ್ಜಿದರೆ ಸ್ವಲ್ಪ ಜಿಡ್ಡು ಜಿಡ್ಡು. ಮಳೆಗೆ ನೆಂದು ಒಣಗಿದ ಪುಸ್ತಕದ ಹಾಗೆ ಪದರ ಪದರ. ಉಗುರಿನಿಂದ ಕೆರೆದರೆ ಅಂಚಿನಿಂದ ಪುಡಿ ಉದುರುತ್ತದೆ. ಕೆಲವು ಕಲ್ಲುಗಳಲ್ಲಿ ಹಸಿರಿನ ನಡುವೆ ಬಿಳಿ ಬೆಣಚುಕಲ್ಲಿನ ಗೆರೆ ಹಾದಿರುತ್ತದೆ. ಆ ಗೆರೆಯ ಪಕ್ಕದಲ್ಲಿ ತುಕ್ಕು ಹಿಡಿದಂಥ ಸಣ್ಣ ಚೌಕ ಗುಳಿಗಳು. ನೋಡಿ, ಅಲ್ಲೇ ಇಟ್ಟುಬಿಡಿ. ಅದು ಈಗ ವನ್ಯಜೀವಿಧಾಮ.

ಗದಗ, ಮುಂಡರಗಿ ಕಡೆ ಚಹಾದಂಗಡಿಯಲ್ಲಿ ಈ ಗುಡ್ಡದ ಮಾತು ಬಂದರೆ ಮೊದಲ ಪ್ರಶ್ನೆ ಒಂದೇ: ‘ಬಂಗಾರ ಐತಂತಲ್ಲ, ಹೌದೇನ್ರಿ?’ ಐತಿ. ಅದರಲ್ಲಿ ಅನುಮಾನ ಬೇಡ. ಆದರೆ ಗಣಿ, ಅರಣ್ಯ, ಸುತ್ತಲಿನ ವಲಯ, ಉದ್ಯೋಗ ಅಂತ ವಾದ ಬೆಳೆದು ಬೆಳೆದು, ಮೂಲದ ಸಂಗತಿ ಹಿಂದೆ ಬಿದ್ದಿದೆ. ಆ ಬಂಗಾರ ಅಲ್ಲಿಗೆ ಬಂದದ್ದು ಹೇಗೆ? ಇದಕ್ಕೆ ಉತ್ತರ ಗೊತ್ತಾದರೆ ಉಳಿದ ವಾದದ ಅರ್ಧ ಗಂಟು ತಾನೇ ಸಡಿಲವಾಗುತ್ತದೆ.

ಈಗ ಗುಡ್ಡ ಇರುವ ಕಡೆ ಒಂದು ಕಾಲಕ್ಕೆ ಸಮುದ್ರವಿತ್ತು. ಅದರ ತಳದಲ್ಲಿ ಲಾವಾ ಉಕ್ಕಿ, ತಣ್ಣೀರಿಗೆ ತಾಗಿ ದಿಂಬಿನಾಕಾರದಲ್ಲಿ ಹೆಪ್ಪುಗಟ್ಟಿತು. ಅಂಥ ದಿಂಬುಗಳನ್ನು ಚೆನ್ನಾಗಿ ನೋಡಬೇಕೆಂದರೆ ಚಿತ್ರದುರ್ಗದ ಮರಡಿಹಳ್ಳಿಗೆ ಹೋಗಬೇಕು. ಗದಗದಿಂದ ಚಿತ್ರದುರ್ಗದ ಮೇಲೆ ಹಾದು ಶ್ರೀರಂಗಪಟ್ಟಣದ ತನಕ ಇದು ಒಂದೇ ಕಲ್ಲಿನ ಪಟ್ಟಿ. ಆ ಲಾವಾ ಕಪ್ಪು ಬಸಾಲ್ಟ್. ನಮ್ಮ ಕೈಯಲ್ಲಿರುವುದು ಹಸಿರು. ನಡುವೆ ಏನೋ ಆಗಿದೆ.

ಆಗಿದ್ದೇನು ಎಂದು ತಿಳಿಯಲು ಜಗತ್ತಿಗೆ ನೂರು ವರ್ಷವೇ ಹಿಡಿಯಿತು. 18ನೇ ಶತಮಾನದ ಕೊನೆಗೆ ಯುರೋಪಿನಲ್ಲಿ ಎರಡು ಬಣ. ಕಲ್ಲೆಲ್ಲ ನೀರಿನಿಂದ ಬಂದದ್ದು ಅಂತ ಜರ್ಮನಿಯ ವರ್ನರ್ ಕಡೆಯವರು, ಭೂಮಿಯೊಳಗಿನ ಶಾಖವೇ ಮುಖ್ಯ ಅಂತ ಸ್ಕಾಟ್ಲೆಂಡಿನ ಹಟನ್. ಹಟನ್ ತೀರಿಕೊಂಡ ಮೇಲೆ ಅವರ ಗೆಳೆಯ ಜೇಮ್ಸ್ ಹಾಲ್ ಸುಣ್ಣದಕಲ್ಲಿನ ಪುಡಿಯನ್ನು ಬಂದೂಕಿನ ನಳಿಗೆಯಲ್ಲಿ ತುಂಬಿ, ಬಾಯಿ ಮುಚ್ಚಿ ಕಾಯಿಸಿದರು. ಅಮೃತಶಿಲೆಯಂಥ ಕಲ್ಲು ಬಂತು. 1833ರಲ್ಲಿ ಭೂವಿಜ್ಞಾನಿ ಲಯೆಲ್ ಇಂಥ ಕಲ್ಲುಗಳಿಗೆ ‘ರೂಪಾಂತರ’ ಎಂಬ ಅರ್ಥದ ಹೆಸರಿಟ್ಟರು. 1893ರಲ್ಲಿ ಬ್ಯಾರೋ ಕಲ್ಲಿನೊಳಗಿನ ಖನಿಜ ನೋಡಿ ಅದು ಎಷ್ಟು ಕಾದಿತ್ತು ಅಂತ ಹೇಳುವ ದಾರಿ ತೋರಿಸಿದರು.

ನಮ್ಮ ಕಡೆ ಗೊಂದಲ ಇನ್ನೂ ಜಾಸ್ತಿಯಿತ್ತು. ಬ್ರಿಟಿಷ್ ಭೂವಿಜ್ಞಾನಿ ಬ್ರೂಸ್ ಫೂಟ್ 1874ರಲ್ಲೇ ಡಂಬಳದ ಗುಡ್ಡಗಳ, ಅಂದರೆ ಇದೇ ಕಪ್ಪತಗುಡ್ಡದ ಸಾಲಿನ, ಬಂಗಾರದ ಕಲ್ಲುಗಳ ಬಗ್ಗೆ ಬರೆದಿದ್ದರು. 1880ರ ದಶಕದಲ್ಲಿ ಇಂಥ ಶಿಲೆಗಳಿಗೆ ಧಾರವಾಡದ ಹೆಸರು ಕೊಟ್ಟವರೂ ಅವರೇ. ಇವತ್ತಿಗೂ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ನಮ್ಮ ಧಾರವಾಡ ಇದೆ. ಅವರ ನಂತರ ಮೈಸೂರು ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ ಸ್ಮೀತ್, ಈ ಧಾರವಾಡ ಶಿಲೆಗಳೆಲ್ಲ ಬೆಂಕಿಯಿಂದ ಹುಟ್ಟಿದವು, ಕೆಸರು-ಮರಳಿನಿಂದ ಆದವಲ್ಲ ಅಂದರು. ನದಿಯ ಉರುಟುಗಲ್ಲುಗಳು ಕೂಡಿ ಆದಂಥ ಶಿಲೆಯನ್ನೂ ಅವರು ಹಾಗೇ ವಿವರಿಸಿದರು. ಆಮೇಲೆ ರಾಮರಾವ್, ಪಿಚ್ಚಮುತ್ತು ಮುಂತಾದವರು ಅಲೆಯ ಗುರುತು, ಮರಳಿನ ಪದರ ಹುಡುಕಿ ತೋರಿಸಿ ಲೆಕ್ಕ ಸರಿಮಾಡಿದರು. ಇದರಲ್ಲಿ ಯಾರ ತಪ್ಪೂ ಇಲ್ಲ. ಶಾಖ ಮತ್ತು ನೀರು ಕಲ್ಲಿನ ಹಳೇ ಗುರುತನ್ನು ಅಷ್ಟರಮಟ್ಟಿಗೆ ಅಳಿಸಿಹಾಕಿದ್ದವು.

ಇನ್ನು ನಮ್ಮ ಹಸಿರು ಕಲ್ಲಿಗೆ ಬರೋಣ. ರೂಪಾಂತರ ಅಂದರೆ ಕಲ್ಲು ಕರಗುವುದಲ್ಲ. ಕರಗಿದರೆ ಅದು ಮತ್ತೆ ಲಾವಾದ ಕಥೆಯೇ. ಕುಂಬಾರರ ಆವಿಗೆಯಲ್ಲಿ ಮಡಕೆ ಮಡಕೆಯಾಗಿಯೇ ಉಳಿಯುತ್ತದೆ, ಆದರೆ ಮಣ್ಣು ಮೊದಲಿನ ಮಣ್ಣಲ್ಲ, ಅಲ್ವಾ? ಕಲ್ಲಿನಲ್ಲೂ ಹಾಗೇ. ಗಟ್ಟಿಯಾಗಿದ್ದುಕೊಂಡೇ ಒಳಗಿನ ಖನಿಜಗಳು ಒಡೆದು ಹೊಸದಾಗಿ ಕಟ್ಟಿಕೊಳ್ಳುತ್ತವೆ. ಕಿಲೋಮೀಟರುಗಟ್ಟಲೆ ಆಳದಲ್ಲಿ, 300ರಿಂದ 450 ಡಿಗ್ರಿಯ ಶಾಖದಲ್ಲಿ ಗದಗದ ಬಸಾಲ್ಟ್ ಹೀಗೆ ಬದಲಾಯಿತು. ಹಸಿರು ಬಣ್ಣ ಕೊಟ್ಟದ್ದು ಕ್ಲೋರೈಟ್, ಎಪಿಡೋಟ್, ಆಕ್ಟಿನೊಲೈಟ್ ಎಂಬ ಹೊಸ ಖನಿಜಗಳು. ಒಂದು ಕಡೆಯಿಂದ ಹೆಚ್ಚಾಗಿ ಬಿದ್ದ ಒತ್ತಡಕ್ಕೆ ಅವು ಒಂದೇ ದಿಕ್ಕಿಗೆ ಸಾಲಾಗಿ ಮಲಗಿದವು. ಅದೇ ಆ ಪದರ.

ಆದರೆ ಬರೀ ಶಾಖ ಸಾಲದು. ಒಣ ಬಸಾಲ್ಟನ್ನು ಸುಮ್ನೆ ಕಾಯಿಸಿದರೆ ಕ್ಲೋರೈಟ್ ಬರುವುದಿಲ್ಲ, ಯಾಕೆಂದರೆ ಕ್ಲೋರೈಟಿಗೆ ನೀರೇ ಸಾಮಾನು. ನೂರು ಗ್ರಾಂ ಕ್ಲೋರೈಟಿನಲ್ಲಿ ಹತ್ತು-ಹನ್ನೆರಡು ಗ್ರಾಂ ನೀರು ಕಲ್ಲಿನ ಕಟ್ಟಡದೊಳಗೇ ಸೇರಿಕೊಂಡಿರುತ್ತದೆ. ಸಮುದ್ರದ ನೀರು ಲಾವಾದ ಬಿರುಕಿಗೆ ಇಳಿದಾಗ ಈ ಲೆಕ್ಕ ಶುರುವಾಗಿತ್ತು. ನೀರಿಗೆ ಇನ್ನೊಂದು ಕೆಲಸವೂ ಇದೆ. ಕಣದಿಂದ ಕಣಕ್ಕೆ ಸಾಮಾನು ಸಾಗಿಸುವುದು ಅದೇ. ಅದಿಲ್ಲದಿದ್ದರೆ ಬದಲಾವಣೆ ಎಷ್ಟು ನಿಧಾನವೆಂದರೆ ಕೋಟಿ ವರ್ಷಗಳೂ ಸಾಲವು. ಅದಕ್ಕೇ ಆಳದಲ್ಲಿ ಬದಲಾದ ಕಲ್ಲು ಮೇಲೆ ಬಂದು ತಣ್ಣಗಾದರೂ ಹಳೇ ರೂಪಕ್ಕೆ ಮರಳುವುದಿಲ್ಲ. ಅಷ್ಟರಲ್ಲಿ ನೀರು ಅದನ್ನು ಬಿಟ್ಟು ಹೊರಟಿರುತ್ತದೆ.

ಬಂಗಾರದ ಕಥೆ ಶುರುವಾಗುವುದೇ ಆ ಹೊರಟ ನೀರಿನಿಂದ.

ಪಟ್ಟಿಯ ಇನ್ನೂ ಕೆಳಗೆ, ಶಾಖ 500 ಡಿಗ್ರಿಯ ಹತ್ತಿರ ಹೋದ ಕಡೆ ಕ್ಲೋರೈಟ್ ಒಡೆಯಿತು. ಹಿಡಿದಿಟ್ಟ ನೀರು ಹೊರಬಿತ್ತು. ಜೊತೆಗೆ ಇಂಗಾಲದ ಡೈ ಆಕ್ಸೈಡ್, ಗಂಧಕ. ಸಾಮಾನ್ಯ ಬಸಾಲ್ಟಿನಲ್ಲಿ ಬಂಗಾರ ಇರುವುದು ಒಂದು ಟನ್ನಿಗೆ ಕೆಲವು ಮಿಲಿಗ್ರಾಂ, ಅಂದರೆ ಇಲ್ಲ ಅಂದರೂ ನಡೆಯುತ್ತದೆ. ಆದರೆ ಗಂಧಕ ಬೆರೆತ ಬಿಸಿನೀರು ಆ ಚೂರುಪಾರನ್ನೂ ಬಿಡದೆ ಬಳಿದುಕೊಂಡಿತು. ಹಗುರಾದ್ದರಿಂದ ಮೇಲಕ್ಕೆ ನುಗ್ಗಿತು. ದಾರಿ ಸಿಗದ ಕಡೆ ಒತ್ತಡ ಏರುತ್ತಾ ಹೋಯಿತು.

ಮುಂದೆ ಆದದ್ದು ಕುಕ್ಕರ್ ಸೀಟಿ ಹೊಡೆದ ಹಾಗೆ. ಒತ್ತಡ ತಾಳದೆ ಕಲ್ಲು ಬಿರಿಯಿತು. ನೀರು ಬಿರುಕಿಗೆ ನುಗ್ಗಿತು, ಒತ್ತಡ ಒಮ್ಮೆಲೇ ಇಳಿಯಿತು. ನೀರಿನಲ್ಲಿ ಕರಗಿದ್ದ ಸಿಲಿಕಾ ಅಲ್ಲೇ ಬೆಣಚುಕಲ್ಲಾಗಿ ಕೂತು ಬಿರುಕನ್ನು ಮುಚ್ಚಿತು. ಮತ್ತೆ ಒತ್ತಡ, ಮತ್ತೆ ಬಿರುಕು. ಬಿಳಿ ಗೆರೆಯಲ್ಲಿ ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ಪಟ್ಟೆ ಕಾಣುವುದುಂಟು. ಒಂದೊಂದು ಪಟ್ಟೆಯೂ ಒಂದೊಂದು ಸಲದ ಬಿರುಕು. ಅಕ್ಕಪಕ್ಕದ ಕಲ್ಲಿನಲ್ಲಿ ಕಬ್ಬಿಣ ಇದ್ದರೆ ನೀರಿನ ಗಂಧಕ ಅದನ್ನು ಸೇರಿ ಪೈರೈಟ್ ಎಂಬ ಖನಿಜವಾಯಿತು. ಗಂಧಕದ ಕೈಹಿಡಿದು ಬಂದಿದ್ದ ಬಂಗಾರಕ್ಕೆ ಆಸರೆ ತಪ್ಪಿತು, ಅಲ್ಲೇ ಇಳಿಯಿತು. ಆ ಚೌಕ ಗುಳಿಗಳು ಪೈರೈಟ್ ಕೊಳೆತು ಉದುರಿಹೋದ ಜಾಗ. ಇದೆಲ್ಲ ಸುಮಾರು 250 ಕೋಟಿ ವರ್ಷದ ಹಿಂದೆ.

ಇಲ್ಲಿ ಎರಡು ವಿಷಯ ಮರೆಯಬಾರದು. ನೀರು ಸಾವಿರ ಪಟ್ಟು ದಟ್ಟಮಾಡಿದರೂ ಕೈಗೆ ಬಂದದ್ದು ಟನ್ನಿಗೆ ಕೆಲವೇ ಗ್ರಾಂ. ಅದೂ ಒಂದೇ ಕಡೆ ಗುಡ್ಡೆ ಬಿದ್ದಿಲ್ಲ, ಬಿರುಕು ಹೋದ ಕಡೆಗೆಲ್ಲ ಹರಡಿದೆ. ಎರಡನೆಯದು, ಅದೇ ನೀರು ಬಂಗಾರದ ಜೊತೆ ಆರ್ಸೆನಿಕ್ ಎಂಬ ವಿಷವನ್ನೂ ತಂದಿತು. ಅದು ಆರ್ಸೆನೊಪೈರೈಟ್ ಎಂಬ ಖನಿಜವಾಗಿ ಬಂಗಾರದ ಮಗ್ಗುಲಲ್ಲೇ ಕೂತಿದೆ. ಕಲ್ಲಿನೊಳಗೆ ಇರುವ ತನಕ ಅದು ಬಹುಮಟ್ಟಿಗೆ ಸುಮ್ಮನಿರುತ್ತದೆ. ಪುಡಿಮಾಡಿ ಗಾಳಿಗೆ, ಮಳೆಗೆ ಒಡ್ಡಿದರೆ ನೀರಿಗೆ ಇಳಿಯತೊಡಗುತ್ತದೆ. ಗ್ರಾಂ ಲೆಕ್ಕದ ಬಂಗಾರ ತೆಗೆದ ಮೇಲೆ ಉಳಿಯುವ ಪುಡಿ ಮಾತ್ರ ಹೆಚ್ಚುಕಡಿಮೆ ಇಡೀ ಟನ್ನು.

ಹಿಂದೆ ಹಳ್ಳದಲ್ಲಿ ಬಂಗಾರ ಹುಡುಕುತ್ತಿದ್ದ ಜಲಗಾರರು ಇಷ್ಟೆಲ್ಲ ಮಾಡುತ್ತಿರಲಿಲ್ಲ. ಡೋಣಿ, ಸೊರಟೂರು ಕಡೆಯ ಹಳ್ಳಗಳಲ್ಲಿ ಮಳೆ ಕೊಚ್ಚಿ ತಂದ ಮರಳನ್ನು ಮರದ ಮರಿಗೆಯಲ್ಲಿ ತೊಳೆದು ಬಂಗಾರದ ಪುಡಿ ಹೆಕ್ಕುತ್ತಿದ್ದರು. ಕಲ್ಲು ಒಡೆಯುವ ಕೆಲಸ ಮಳೆಯದ್ದು. 20ನೇ ಶತಮಾನದ ಆರಂಭದಲ್ಲಿ ಕಂಪನಿಗಳು ಬಂದವು, ಬಾವಿಯಂತೆ ಆಳಕ್ಕೆ ತೋಡಿದವು. ಆಗ ಶಿರಹಟ್ಟಿ ಭಾಗ ಸಾಂಗ್ಲಿ ಸಂಸ್ಥಾನದಲ್ಲಿತ್ತು, ಅದಕ್ಕೇ ಒಂದು ಗಣಿಗೆ ಸಾಂಗ್ಲಿಯ ಹೆಸರು. ಕೆಲವೇ ವರ್ಷಗಳಲ್ಲಿ ಎಲ್ಲ ನಿಂತವು. ಆಮೇಲೆ ಬಂಗಾರದ ಬೆಲೆ ಏರಿದಾಗಲೆಲ್ಲ ಹೊಸ ಹುಡುಕಾಟ, ಹೊಸ ಅರ್ಜಿ.

‘ಎಪ್ಪತ್ತು ಗಿರಿಗಿಂತ ಕಪ್ಪತಗಿರಿ ಮೇಲು’ ಅನ್ನುವ ಊರಿನವರಿಗೆ ಈ ಗುಡ್ಡ ಅಂದರೆ ಔಷಧಿ ಗಿಡ, ಹಳ್ಳದ ನೀರು, ಕುರಿ ಮೇವು. 2015ರ ಡಿಸೆಂಬರಿನಲ್ಲಿ ಸಂರಕ್ಷಿತ ಮೀಸಲು ಪ್ರದೇಶ ಎಂಬ ಘೋಷಣೆ ಬಂತು. 2016ರ ನವೆಂಬರಿನಲ್ಲಿ ಆ ಘೋಷಣೆ ರದ್ದಾಯಿತು. ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ನೇತೃತ್ವದಲ್ಲಿ ಜನ ಗದಗದಲ್ಲಿ ಧರಣಿ ಕೂತರು. 2017ರ ಏಪ್ರಿಲ್‌ನಲ್ಲಿ ಮೀಸಲು ಮರಳಿ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಒಂದೇ ಗುಡ್ಡ ನಾಲ್ಕು ವರ್ಷದೊಳಗೆ ನಾಲ್ಕು ಸಲ ಕಾಗದದ ಮೇಲೆ ಬದಲಾಯಿತು.

ಈಗಿನ ವಾದ ಗಡಿಯದ್ದು. ಸುತ್ತ ಎಷ್ಟು ದೂರದವರೆಗೆ ಗಣಿ, ಕ್ವಾರಿ ಬೇಡ? ನಕಾಶೆಯಲ್ಲಿ ಗೆರೆ ಎಳೆಯುವುದು ಸುಲಭ. ಆದರೆ ಹಸಿರು ಕಲ್ಲಿನ ಪಟ್ಟಿ ಆ ಗೆರೆಗೆ ನಿಲ್ಲುವುದಿಲ್ಲ, ಹೊಲಗಳ ಕೆಳಗೂ ಹೋಗಿದೆ. ಗುಡ್ಡದಿಂದ ಇಳಿಯುವ ಹಳ್ಳಗಳೂ ಅದೇ ಗೆರೆ ದಾಟಿ ಊರುಗಳ ಕಡೆಗೆ ಹರಿಯುತ್ತವೆ.